ಕರಡಿಯ ಬಾಯಿ

ಸ್ಪೊಕೇನ್, ವಾಷಿಂಗ್ಟನ್
ನವೆಂಬರ್ 12, 1984

ಆರ್ಲಿಸ್,

ನನ್ನ ಅಕ್ಷರ ಕಂಡೊಡನೆ ಹುಬ್ಬು ಗಂಟಿಕ್ಕಬೇಡ. ಇದು ವಕೀಲರ ವಿಷಯವಲ್ಲ. ಅದೆಲ್ಲ ಆಗಸ್ಟಿನಲ್ಲೇ ಮುಗಿಯಿತು. ಕೆನ್ನಿ ಲೇಕಿನ ಮನೆ ನಿನಗೆ, ದೋಣಿ ಮತ್ತು ಟ್ರಕ್ಕು ನನಗೆ. ಹದಿನಾರು ವರ್ಷದ ಸಂಸಾರ ಎರಡೂವರೆ ಪುಟದಲ್ಲಿ ಹಿಡಿಯಿತು. ಆ ಪುಟಗಳಲ್ಲಿ ಎಲ್ಲೂ ಸೇರದೆ ಉಳಿದದ್ದು ಕರಡಿಯ ತೊಗಲು. ನಾನೂ ಎತ್ತಲಿಲ್ಲ, ನೀನೂ ಎತ್ತಲಿಲ್ಲ. ಅದು ನನ್ನದೆಂದು ಒಪ್ಪಿಕೊಂಡೇ ನೀನು ಸುಮ್ಮನಿದ್ದೆ ಎಂದು ತಿಳಿದಿದ್ದೇನೆ.

ಅದನ್ನು ಈ ಚಳಿಗಾಲದಲ್ಲೇ ಹಾಸು ಮಾಡಿಸಬೇಕು. ಫ್ರೀಜರಿಗೆ ಹೋಗಿ ವರ್ಷ ದಾಟಿತು. ಇನ್ನೂ ಬಿಟ್ಟರೆ ಕಿವಿ, ತುಟಿ ಒಣಗಿ ಕಡ್ಡಿಯಾಗುತ್ತವೆ. ಆಂಕರೇಜಿನಲ್ಲಿ ಹೆದ್ದಾರಿಯ ಪಕ್ಕ ಆ ದೊಡ್ಡ ಅಂಗಡಿ ಇದೆಯಲ್ಲ, ಬಾಗಿಲಲ್ಲೇ ಹಿಮಕರಡಿ ಎದ್ದು ನಿಂತಿರುವುದು, ಅಲ್ಲಿಗೆ ಕೊಡು. ಪ್ರಾಣಿಯ ತೊಗಲಿಗೆ ರೂಪ ಕೊಡುವ ಟ್ಯಾಕ್ಸಿಡರ್ಮಿಸ್ಟರಲ್ಲಿ ಅವರದೇ ದೊಡ್ಡ ಹೆಸರು. ಬಾಯಿ ಪೂರ್ತಿ ತೆರೆದಿರಬೇಕು. ಹಲ್ಲು, ನಾಲಿಗೆ ಎರಡೂ ಕಾಣಬೇಕು. ಉಗುರು ಕತ್ತರಿಸಬಾರದು. ಸುತ್ತ ಕೆಂಪು, ಅದರಾಚೆ ಕಪ್ಪು, ಎರಡು ಪದರದ ಬಟ್ಟೆಯ ಅಂಚು. ಬೇಟೆ ಇಲಾಖೆಯ ಮುದ್ರೆಯ ಪಟ್ಟಿ ಮತ್ತು ಕಚೇರಿಯ ಕಾಗದ ಜೊತೆಗಿರಲಿ, ಅವಿಲ್ಲದೆ ಯಾರೂ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ನಾನೇ ಬಂದು ಒಯ್ಯುತ್ತೇನೆ.

ದಾರಿಯಲ್ಲಿ ಕರಗಬಾರದು. ಕಾರಿನ ಹೀಟರ್ ಹಾಕಬೇಡ. ಐದು ಗಂಟೆ ಚಳಿ ತಡೆದರೆ ಏನೂ ಆಗುವುದಿಲ್ಲ.

ರಾಯ್ಸ್


ಕೆನ್ನಿ ಲೇಕ್, ಅಲಾಸ್ಕಾ
ನವೆಂಬರ್ 27, 1984

ರಾಯ್ಸ್,

ಹೀಟರ್ ಹಾಕಿಕೊಂಡೇ ಹೋದೆ. ತೊಗಲನ್ನು ಕಾರಿನ ಮೇಲೆ ಕಟ್ಟಿದ್ದೆ. ಮೈನಸ್ ಇಪ್ಪತ್ತರಲ್ಲಿ ಅದು ಕರಗುವುದಿಲ್ಲವೆಂದು ತಿಳಿಯಲು ಸ್ಪೊಕೇನಿನಿಂದ ಪತ್ರ ಬರಬೇಕಾಗಿರಲಿಲ್ಲ.

ನಿನ್ನ ದೊಡ್ಡ ಅಂಗಡಿಯಲ್ಲಿ ಮೂವತ್ತೊಂದು ಕರಡಿ ಎಣಿಸಿದೆ. ಮೂವತ್ತೊಂದಕ್ಕೂ ಒಂದೇ ಕೋಪ. ತಲೆಯ ಅಚ್ಚು ಒಂದೇ, ಹಲ್ಲಿನ ಜೊತೆಯೂ ಒಂದೇ. ನಾಲಿಗೆಗೆ ಬಳಿದ ಬಣ್ಣ ಮಾತ್ರ ಒಂದೊಂದರಲ್ಲಿ ಒಂದೊಂದು ಥರ ಬಿರುಕು ಬಿಟ್ಟಿತ್ತು. ಕೌಂಟರಿನವನು ನನ್ನ ಹೆಗಲಾಚೆ ಬಾಗಿಲನ್ನೇ ನೋಡುತ್ತಿದ್ದ.

"ಯಜಮಾನ್ರು ಗಾಡಿ ನಿಲ್ಸ್ತಾ ಇದ್ದಾರಾ?"

"ಇಲ್ಲ. ನಾನೇ ನಿಲ್ಸಿ ಬಂದೆ."

"ಅವ್ರೇ ಬಂದಿದ್ರೆ ಚೆನ್ನಾಗಿತ್ತು. ಹೊಡೆದೋರಿಗೆ ಏನ್ ಬೇಕು ಅಂತ ಕೇಳ್ಬೇಕಲ್ಲ."

"ಬಾಯಿ ಮುಚ್ಚಿರೋದು ಒಂದೂ ಇಲ್ವಲ್ಲ ಇಲ್ಲಿ?"

"ಬಾಯಿ ಮುಚ್ಚಿದ್ರೆ ಜನ ನಾಯಿ ಅಂದ್ಕೋತಾರೆ, ಮೇಡಂ."

ಹಿಂದೆ ಯಾರೋ ಇಬ್ಬರು ನಕ್ಕರು. ಅಪ್ಪ ತೊಗಲು ಕೊಳ್ಳುವಾಗ ಮೊದಲು ಕಿವಿಯೊಳಗೆ ಹೆಬ್ಬೆರಳು ಹಾಕುತ್ತಿದ್ದ. ಕೆಟ್ಟ ಕೆಲಸಗಾರ ಕಿವಿಯಲ್ಲಿ ಸಿಕ್ಕಿಬೀಳುತ್ತಾನೆ ಎನ್ನುತ್ತಿದ್ದ. ನಾನೂ ಅಲ್ಲಿನ ಒಂದು ಕರಡಿಗೆ ಹಾಕಿ ನೋಡಿದೆ. ಒಳಗೆ ರಟ್ಟು ಸಡಿಲವಾಗಿ ಕಟಕಟ ಎಂದಿತು. ತೊಗಲನ್ನು ಮತ್ತೆ ಕಾರಿನ ಮೇಲೆ ಕಟ್ಟಿ ವಾಪಸು ತಂದೆ.

ಒಂದು ಮಾತು. 'ಹೊಡೆದೋರಿಗೆ ಏನ್ ಬೇಕು' ಎಂದು ಅವನು ಕೇಳಿದಾಗ ನನ್ನ ಬಾಯಿಗೆ ಬಂದದ್ದನ್ನು ನುಂಗಿದೆ. ಹೊಡೆದವಳು ನಾನು. ನೀನು ಕೆಳಗೆ ಹೊಳೆಯಲ್ಲಿ ನೀರು ತುಂಬುತ್ತಿದ್ದೆ. ಹದಿನಾಲ್ಕು ತಿಂಗಳಿಂದ ಇದನ್ನು ನಾವಿಬ್ಬರೂ ಯಾರ ಮುಂದೆಯೂ ಹೇಳಿಲ್ಲ. ಒಬ್ಬರಿಗೊಬ್ಬರೂ ಹೇಳಿಕೊಂಡಿಲ್ಲ. ಅದು ಬಾಯಿ ತೆರೆದಿರಲಿಲ್ಲ, ರಾಯ್ಸ್.

ಆರ್ಲಿಸ್


ಸ್ಪೊಕೇನ್
ಡಿಸೆಂಬರ್ 10, 1984

ಆರ್ಲಿಸ್,

ಇಂಥದ್ದನ್ನೆಲ್ಲ ಅಂಚೆಯಲ್ಲಿ ಬರೆಯಬೇಡ. ನಿನ್ನ ಪತ್ರವನ್ನು ಒಲೆಗೆ ಹಾಕಿದ್ದೇನೆ. ನೀನೂ ಇದನ್ನು ಓದಿ ಹಾಗೇ ಮಾಡು.

ಬರೆದೇಬಿಟ್ಟಿದ್ದೀಯ, ಇನ್ನು ಇಡೀ ಕಥೆಯನ್ನೇ ಬರೆಯೋಣ. ಟೋನ್ಸಿನಾ ಹೊಳೆಯ ಮೇಲಿನ ಇಳಿಜಾರು, ಸೆಪ್ಟೆಂಬರಿನ ಸಂಜೆ. ಪೊದೆಯಲ್ಲಿ ತಲೆ ತಗ್ಗಿಸಿದ್ದ ಪ್ರಾಣಿಯನ್ನು ನೀನು ಕರಿ ಕರಡಿ ಅಂದುಕೊಂಡೆ. ಕರಿ ಕರಡಿಗೆ ಪರವಾನಗಿಯ ಬಿಲ್ಲೆ ಬೇಡ, ಹೊಡೆದೆ. ಹತ್ತಿರ ಹೋಗಿ ನೋಡಿದರೆ ಗ್ರಿಜ್ಲಿ, ಗೂನಿನ ದೊಡ್ಡ ಜಾತಿ. ಗ್ರಿಜ್ಲಿಯ ಬಿಲ್ಲೆ ಇದ್ದದ್ದು ನನ್ನ ಜೇಬಿನಲ್ಲಿ ಒಂದೇ. ಅದನ್ನು ಅದರ ಮೇಲೆ ಹಾಕಿದವನು ನಾನು. ಹಾಕದಿದ್ದರೆ ನಿನ್ನ ಬಂದೂಕು ಹೋಗುತ್ತಿತ್ತು. ನಿನ್ನ ಅಪ್ಪನ ಹೆಸರು ಗೊತ್ತಿರುವ ಕಣಿವೆಯಲ್ಲಿ 'ಟ್ವೇಟನ ಮಗಳಿಗೆ ಕರಿ ಯಾವುದು, ಗ್ರಿಜ್ಲಿ ಯಾವುದು ಗೊತ್ತಾಗಲ್ಲವಂತೆ' ಎಂದು ಜನ ನಗುತ್ತಿದ್ದರು. ನಾಲ್ಕು ವರ್ಷಕ್ಕೊಂದೇ ಗ್ರಿಜ್ಲಿ ಎನ್ನುವ ನನ್ನ ಸರದಿಯನ್ನು ನಿನಗಾಗಿ ಕಳೆದುಕೊಂಡೆ. ಒಮ್ಮೆಯಾದರೂ ಅದಕ್ಕೆ ಒಂದು ಮಾತು ಹೇಳಿದ್ದೀಯಾ?

ಆಂಕರೇಜ್ ಹಿಡಿಸದಿದ್ದರೆ ವಸಿಲಾದಲ್ಲಿ ಇನ್ನೊಬ್ಬನಿದ್ದಾನೆ. ಬಾಯಿ ತೆರೆದೇ ಇರಲಿ. ಇಲ್ಲಿ ಒಂದು ಗೋಡೆ ಖಾಲಿ ಇದೆ, ಬೇರೇನೂ ವಿಶೇಷವಿಲ್ಲ.

ರಾಯ್ಸ್


ಕೆನ್ನಿ ಲೇಕ್
ಜನವರಿ 3, 1985

ರಾಯ್ಸ್,

ವಸಿಲಾದವನ ಶೆಡ್ಡಿಗೆ ಹೋದೆ. ಹೊಸ್ತಿಲಲ್ಲೇ ಕೊಳೆತ ವಾಸನೆ. ಉಪ್ಪು ಹಚ್ಚದೆ ರಾಶಿ ಹಾಕಿದ ತೊಗಲುಗಳ ಮೇಲೆ ಅವನ ಬೆಕ್ಕು ಮಲಗಿತ್ತು. ಒಂದರ ಹೊಟ್ಟೆಯ ಕೂದಲನ್ನು ಹಿಡಿದು ನೋಡಿದೆ, ಮುಷ್ಟಿಯಷ್ಟು ಕೈಗೆ ಬಂತು. ಅವನು ಕಾಫಿ ಕೊಟ್ಟ. ಕುಡಿಯದೆ ಬಂದೆ.

ಪಾಮರ್ ಊರಿನಲ್ಲಿ ಎಮಿಲ್ ಸ್ಟಾಡ್ಲರ್ ಎಂಬ ಮುದುಕನಿದ್ದಾನೆ. ಬೋರ್ಡಿಲ್ಲ. ಅಂಚೆಯವಳು ದಾರಿ ಹೇಳಿದಳು. ಅವನ ಕೋಣೆಯಲ್ಲಿ ಒಂದೇ ಒಂದು ಕರಡಿ ಹಾಸು, ಅದೂ ಮಾರಾಟಕ್ಕಲ್ಲ. ತೊಗಲಿಗೆ ಹಚ್ಚುವ ಬೋರಾಕ್ಸಿನ ಪುಡಿ, ಒದ್ದೆ ಕೂದಲು, ಸೌದೆ ಒಲೆ. ಅವನು ನನ್ನ ಹೆಗಲಾಚೆ ನೋಡಲಿಲ್ಲ. ತೊಗಲನ್ನೂ ನೋಡಲಿಲ್ಲ. ಕುರ್ಚಿ ಎಳೆದು ಕೂರಿಸಿ ಕೇಳಿದ.

"ಇದು ಜೀವಂತ ಇದ್ದಾಗ ನೋಡಿದ್ಯಾರಮ್ಮ?"

"ನಾನು ನೋಡಿದ್ದೇನೆ."

"ಕೊನೇ ನಿಮಿಷದಲ್ಲಿ ಏನ್ ಮಾಡ್ತಿತ್ತು? ಅದು ಗೊತ್ತಾಗ್ದೆ ನಾನು ತಲೆ ಮಾಡೋದಿಲ್ಲ."

"ಹಣ್ಣು ತಿಂತಿತ್ತು. ಕೆಳತುಟಿ ಮುಂದಕ್ಕೆ ಚಾಚ್ಕೊಂಡು ಕೊಂಬೆನ ಹಿಂಗೆ ಎಳೀತಿತ್ತು. ಎಲೆ ಬಿಟ್ಟು ಹಣ್ಣು ಮಾತ್ರ."

"ಕಣ್ಣು?"

"ಅರ್ಧ ಮುಚ್ಚಿತ್ತು. ಸುಖವಾಗಿತ್ತು ಅದಕ್ಕೆ."

ಅವನು ತನ್ನ ಕೆಳತುಟಿಯನ್ನೇ ಮುಂದಕ್ಕೆ ಚಾಚಿ, ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ನೋಡಿಕೊಂಡ. ಎಪ್ಪತ್ತೆರಡರ ಮುದುಕ. ನನಗೆ ನಗು ಬರಲಿಲ್ಲ.

"ಇದು ಕಷ್ಟದ್ದು," ಎಂದ. "ಗರ್ಜಿಸೋದು ಸುಲಭ. ತುಟಿ ಹಿಂದಕ್ಕೆ ಎಳೆದು ಮೊಳೆ ಹೊಡೆದ್ರೆ ಮೊಲಾನೂ ಗರ್ಜಿಸುತ್ತೆ."

ನಿರ್ಧಾರ ಮಾಡಿದ್ದು ಆಗ. ಅವನ ಒಂದೇ ಹಾಸಿನ ಕಿವಿಗೆ ಬೆರಳು ಹಾಕುವ ನೆನಪೂ ಆಗಲಿಲ್ಲ. ಆಮೇಲೆ ಅವನು ಪುಸ್ತಕ ತೆಗೆದು, ಕನ್ನಡಕ ಹಾಕಿ, ಬಿಲ್ಲೆಯನ್ನು ಬೆಳಕಿಗೆ ಹಿಡಿದು, 'ಬೇಟೆಗಾರ' ಎಂಬ ಸಾಲಿನಲ್ಲಿ ನಿನ್ನ ಹೆಸರು ಬರೆದ. ನಾನು ನೋಡುತ್ತಾ ಕುಳಿತಿದ್ದೆ.

"ಅವರು ಹೊಳೇಲಿದ್ರು," ಎಂದೆ. ನನ್ನ ಬಾಯಿಂದ ಅಷ್ಟು ಜಾರಿತು.

ಸ್ಟಾಡ್ಲರ್ ಪೆನ್ನು ನಿಲ್ಲಿಸಿದ. "ಯಾರು ನೋಡಿದ್ರು ಅಂತ ನಾನು ಕೇಳ್ದೆ. ಯಾರು ಹೊಡೆದ್ರು ಅಂತ ಕೇಳ್ಲಿಲ್ಲ. ಬಿಲ್ಲೆ ಮೇಲಿರೋ ಹೆಸರೇ ನನ್ನ ಪುಸ್ತಕಕ್ಕೆ, ಅದು ಕಾನೂನು. ಬಾಯಿ ಮುಚ್ಚೋಕೂ ಆ ಹೆಸರಿನೋರ ಒಪ್ಪಿಗೆ ಬೇಕು. ಫೋನ್ ಮಾಡ್ತೀನಿ."

ತೊಗಲು ಅವನ ಹತ್ತಿರವಿದೆ. ಅವನು ಫೋನ್ ಮಾಡಿದಾಗ ಒಪ್ಪಿಗೆ ಕೊಡು.

ನೀನು ಬರೆದ ಇಡೀ ಕಥೆ ಸರಿಯಾಗಿದೆ. ನಾನು ತಪ್ಪು ಮಾಡಿದೆ. ತಲೆ ತಗ್ಗಿತ್ತು, ಭುಜದ ಗೂನು ಕಾಣಲಿಲ್ಲ, ಬೆಳಕು ಇಳಿದಿತ್ತು. ಎದ್ದು ನಡೆಯುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ. ಬಿಲ್ಲೆ ಹಾಕುವಾಗ ನಿನ್ನನ್ನು ತಡೆಯಲಿಲ್ಲ, ಇನ್ನೂ ಹೇಳಬೇಕೆಂದರೆ, ಬದುಕಿದೆ ಎನ್ನುವ ಹಾಗೆ ನಿನ್ನ ಕೈ ಹಿಡಿದುಕೊಂಡೆ. ಆ ಕೈ ಹಿಡಿದದ್ದೇ ನನ್ನನ್ನು ಈಗ ತಿನ್ನುತ್ತಿದೆ. ಆದರೆ ತಪ್ಪು ನನ್ನದಾದರೆ ಗುಂಡೂ ನನ್ನದೇ. ಒಂದನ್ನು ನನಗೆ ಬಿಟ್ಟು ಇನ್ನೊಂದನ್ನು ನೀನು ಒಯ್ಯುವುದು ಹೇಗೆ?

ಆರ್ಲಿಸ್


ಸ್ಪೊಕೇನ್
ಜನವರಿ 19, 1985

ಆರ್ಲಿಸ್,

ಅವನಿಗೆ ಏನು ಹೇಳಿ ಬಂದಿದ್ದೀಯ? ನಿನ್ನ ಮುದುಕ ಫೋನ್ ಮಾಡಿ ಪೊಲೀಸಿನವರ ಹಾಗೆ ಪ್ರಶ್ನೆ ಹಾಕಿದ.

"ಕೊನೇ ನಿಮಿಷದಲ್ಲಿ ಏನ್ ಮಾಡ್ತಿತ್ತು?"

"ನುಗ್ಗಿ ಬಂತು," ಅಂದೆ.

"ಯಾವ ಕಡೆಯಿಂದ?"

"ಎದುರಿಂದ. ಇನ್ಯಾವ ಕಡೆಯಿಂದ ಬರುತ್ತೆ?"

"ತೂತು ಎಡಪಕ್ಕೇಲಿದೆಯಲ್ಲ, ಸ್ವಾಮಿ. ಪಕ್ಕಕ್ಕೆ ತಿರುಗಿಕೊಂಡು ನುಗ್ಗಿತಾ?"

ನನ್ನ ಅಂಗಡಿಯಲ್ಲಿ ಮೂರು ಜನ ಬಡಗಿಗಳು ನಿಂತಿದ್ದರು. ಫೋನ್ ಇಟ್ಟೆ. ಹೌದು, ಅಂಗಡಿ. ಬೇಟೆ ಸರಕಿನದು, ಮೇ ತಿಂಗಳಲ್ಲಿ ತೆರೆಯುತ್ತೇನೆ. ಮುಂದೆ ಅಲಾಸ್ಕಾಕ್ಕೆ ಜನರನ್ನು ಬೇಟೆಗೆ ಕರೆತರುವ ಯೋಚನೆಯೂ ಇದೆ. ಮಾರ್ಗದರ್ಶಿಯ ಪರವಾನಗಿಗೆ ಅರ್ಜಿ ಹಾಕಿದ್ದೇನೆ. ನಿನಗೆ ಹೇಳಬೇಕಾದ ವಿಷಯ ಅನ್ನಿಸಲಿಲ್ಲ, ಅದಕ್ಕೆ ಹೇಳಿರಲಿಲ್ಲ.

ಇಂಥ ಅಂಗಡಿಯ ಗೋಡೆಯ ಮೇಲೆ ಹಣ್ಣು ತಿನ್ನುವ ಕರಡಿ ಹಾಕಿಕೊಂಡು ಏನು ಮಾಡಲಿ? ಇಲ್ಲಿನ ಪತ್ರಿಕೆಯಲ್ಲಿ ಬಂದ ತುಣುಕನ್ನು ಲಗತ್ತಿಸಿದ್ದೇನೆ. ಅದರ ಚಿತ್ರದಲ್ಲಿರುವ ಹಾಗೆ ತಲೆ ಇರಬೇಕು ಎಂದು ಮುದುಕನಿಗೆ ತೋರಿಸು. ಆಗದಿದ್ದರೆ ತೊಗಲು ವಾಪಸು ತಂದು ಆಂಕರೇಜಿಗೆ ಕೊಡು.

ರಾಯ್ಸ್


ಕೆನ್ನಿ ಲೇಕ್
ಫೆಬ್ರವರಿ 2, 1985

ರಾಯ್ಸ್,

ನೀನು ಚಿತ್ರ ನೋಡಿ ಕತ್ತರಿಸಿದ್ದೀಯ. ಕೆಳಗಿನ ಸಾಲುಗಳನ್ನು ನಾನು ಓದುತ್ತೇನೆಂದು ನಿನಗೆ ಹೊಳೆಯಲೇ ಇಲ್ಲ. ಹದಿನಾರು ವರ್ಷ ಹೀಗೆಯೇ ಇತ್ತು. ಸುಳ್ಳು ಮುಚ್ಚಿಡುವಷ್ಟು ಮರ್ಯಾದೆಯನ್ನೂ ನೀನು ನನಗೆ ಕೊಟ್ಟವನಲ್ಲ.

ಪತ್ರಿಕೆಯಲ್ಲಿ ನೀನು ಹೇಳಿದ್ದನ್ನು ನಿನಗೇ ಬರೆದು ಕಳಿಸುತ್ತೇನೆ. 'ಹತ್ತು ಅಡಿ ದೂರದಲ್ಲಿ ಎದ್ದು ನಿಂತಿತು. ನನ್ನ ಹೆಂಡತಿ ಕಿರುಚಿಕೊಂಡು ಮರದ ಹಿಂದೆ ಓಡಿದಳು. ಅವಳ ಕೈಯಲ್ಲೂ ಬಂದೂಕಿತ್ತು. ಪಾಪ, ಅದು ಇದೆಯೆಂಬುದೇ ಅವಳಿಗೆ ಮರೆತುಹೋಗಿತ್ತು.'

ಆ ಇಳಿಜಾರಿನಲ್ಲಿ ಮೊಣಕಾಲೆತ್ತರದ ಪೊದೆ ಬಿಟ್ಟರೆ ಒಂದು ಮರವಿಲ್ಲ. ನನ್ನನ್ನು ಅಡಗಿಸುವುದಕ್ಕಾಗಿ ನೀನು ಒಂದು ಮರ ನೆಟ್ಟಿದ್ದೀಯ.

ಎಪ್ಪತ್ತು ಗಜ. ಮೊಣಕಾಲೂರಿ, ಉಸಿರು ಅರ್ಧ ಬಿಟ್ಟು, ಒಂದೇ ಗುಂಡು. ಅದು ಮಡಚಿಕೊಂಡು ಪೊದೆಯೊಳಗೆ ಕುಳಿತಿತು, ಮಲಗುವುದಕ್ಕೆ ಜಾಗ ನೋಡಿಕೊಂಡ ಹಾಗೆ. ನಾನು ಕಿರುಚಲಿಲ್ಲ. ಆ ದಿನ ಅಲ್ಲಿ ಯಾರೂ ಕಿರುಚಲಿಲ್ಲ.

ನಿನ್ನ ಅಂಗಡಿಯ ಉಸಾಬರಿ ನನಗೆ ಬೇಡ. ಪತ್ರಿಕೆಗೆ ತಿದ್ದುಪಡಿ ಬರೆ ಎಂದೂ ಹೇಳುವುದಿಲ್ಲ, ನೀನು ಬರೆಯುವುದಿಲ್ಲ. ಸ್ಟಾಡ್ಲರನಿಗೆ ಒಂದು ಚೀಟಿ ಬರೆ. 'ಕರಡಿ ಹೊಡೆದವಳು ಆರ್ಲಿಸ್. ತಲೆ ಹೇಗಿರಬೇಕೆಂದು ಅವಳನ್ನು ಕೇಳು.' ಇಷ್ಟೇ. ಅವನು ಯಾರಿಗೂ ತೋರಿಸುವವನಲ್ಲ. ಜಗತ್ತಿನಲ್ಲಿ ಒಬ್ಬನಿಗೆ ಗೊತ್ತಿದ್ದರೆ ನನಗೆ ಸಾಕು.

ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ಆರ್ಲಿಸ್


ಸ್ಪೊಕೇನ್
ಫೆಬ್ರವರಿ 14, 1985

ಆರ್ಲಿಸ್,

ಪತ್ರಿಕೆಯವರು ಉಪ್ಪುಖಾರ ಹಾಕಿ ಬರೆಯುತ್ತಾರೆ. ನಾನು ಅಷ್ಟು ಹೇಳಿರಲಿಲ್ಲ. ಮರದ ವಿಷಯ ಹೇಳಿರಬಹುದು.

ಸರಿ, ನೀನು ಗೆದ್ದೆ. ಹಾಸನ್ನು ನೀನೇ ಇಟ್ಟುಕೋ. ಬಾಯಿ ಮುಚ್ಚಿಸು, ಹಣ್ಣು ತಿನ್ನಿಸು, ನಿನ್ನ ಮಂಚದ ಕೆಳಗೆ ಹಾಸಿಕೋ. ಸ್ಟಾಡ್ಲರನಿಗೆ ಫೋನಿನಲ್ಲಿ ಒಪ್ಪಿಗೆ ಹೇಳಿಯಾಯಿತು. ಗೋಡೆಗೆ ಬೇರೆ ಯಾವುದನ್ನಾದರೂ ಕೊಂಡು ತರುತ್ತೇನೆ. ಇದಕ್ಕಿಂತ ಹೆಚ್ಚು ನೀನು ಕೇಳಬಾರದು, ನಾನು ಕೊಡಬಾರದು.

ಚೀಟಿ ಮಾತ್ರ ಬರೆಯುವುದಿಲ್ಲ. ನನ್ನ ಅರ್ಜಿ ಅಲ್ಲಿನ ಅಧಿಕಾರಿಗಳ ಮೇಜಿನ ಮೇಲಿದೆ. ಇನ್ನೊಬ್ಬರ ಪ್ರಾಣಿಗೆ ತನ್ನ ಬಿಲ್ಲೆ ಹಾಕಿದವನಿಗೆ ಮಾರ್ಗದರ್ಶಿಯ ಪರವಾನಗಿ ಯಾರೂ ಕೊಡುವುದಿಲ್ಲ. ನನಗೆ ನಲವತ್ತೊಂಬತ್ತು. ಇನ್ನೊಂದು ಸಲ ಮೊದಲಿನಿಂದ ಶುರುಮಾಡುವ ಶಕ್ತಿ ಇಲ್ಲ. ಇದನ್ನು ನೀನು ಅರ್ಥ ಮಾಡಿಕೊಳ್ಳಬಲ್ಲೆ.

ನಾನು ಎಂದೂ ಹೇಳದ ಮಾತೊಂದನ್ನು ಹೇಳುತ್ತೇನೆ. ಆ ಸಂಜೆ ನೀರು ತುಂಬಿಕೊಂಡು ಮೇಲೆ ಬಂದಾಗ ನೀನು ಕರಡಿಯ ಪಕ್ಕ ನಿಂತು ಒಬ್ಬಳೇ ನಗುತ್ತಿದ್ದೆ. ಅಂಥ ನಗುವನ್ನು ನಾನು ನಿನ್ನ ಮುಖದಲ್ಲಿ ಎಂದೂ ಕಂಡಿರಲಿಲ್ಲ. ನಾನು ಹತ್ತಿರ ಬರುತ್ತಿದ್ದಂತೆ ನಗು ನಿಂತಿತು. ನನ್ನನ್ನು ಕಂಡು ನಿಂತಿತು. ಬಿಲ್ಲೆ ತೆಗೆಯುವಾಗ ನಿನ್ನನ್ನು ಉಳಿಸುತ್ತಿದ್ದೇನೆ ಅಂದುಕೊಂಡೆ, ಅದೂ ಸುಳ್ಳಲ್ಲ. ಆದರೆ ಆ ನಗುವಿನಲ್ಲಿ ನನಗೊಂದು ಪಾಲು ಬೇಕಿತ್ತು.

ಹಾಸು ನಿನ್ನದು. ಇಲ್ಲಿಗೆ ಬಿಡು.

ರಾಯ್ಸ್


ಕೆನ್ನಿ ಲೇಕ್
ಮಾರ್ಚ್ 9, 1985

ರಾಯ್ಸ್,

ನಗು ನಿಂತದ್ದು ನಿನ್ನನ್ನು ಕಂಡಲ್ಲ. ನೀನು ಬರುತ್ತಿದ್ದ ಹೊತ್ತಿಗೆ ನಾನು ಅದರ ಮುಂಗಾಲನ್ನು ಎತ್ತಿದ್ದೆ. ಉಗುರು ನನ್ನ ಬೆರಳಿನಷ್ಟು ಉದ್ದವಿತ್ತು. ಕರಿ ಕರಡಿಗೆ ಅಷ್ಟು ಉದ್ದದ ಉಗುರಿರುವುದಿಲ್ಲ. ಆ ಕ್ಷಣದಲ್ಲಿ ನೀನು ಬಂದದ್ದೂ ನನಗೆ ಗೊತ್ತಾಗಿರಲಿಲ್ಲ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ನೀನು ಕೇಳುವ ಬದಲು ಬಿಲ್ಲೆ ತೆಗೆದೆ.

ಇದನ್ನು ನಿನ್ನ ಮೇಲಿನ ಕನಿಕರದಿಂದ ಬರೆಯುತ್ತಿಲ್ಲ. ಓದಿದ ದಿನ ಕನಿಕರ ಬಂದಿತ್ತು, ಎರಡು ದಿನ ಇತ್ತು. ಮೂರನೆಯ ದಿನ ಪತ್ರವನ್ನು ಮತ್ತೆ ಓದಿದೆ. 'ಹಾಸು ನಿನ್ನದು' ಎಂದು ನೀನು ಎರಡು ಸಲ ಬರೆದಿದ್ದೀಯ. ನಾನು ಹೊಡೆದ ಪ್ರಾಣಿಯನ್ನು ನೀನು ನನಗೆ ದಾನ ಮಾಡುತ್ತಿದ್ದೀಯ, ನಾನು ಕೈಯೊಡ್ಡಿ ತೆಗೆದುಕೊಂಡು ಬಾಯಿ ಮುಚ್ಚಿಕೊಳ್ಳಬೇಕು. ನನಗೆ ತೊಗಲು ಬೇಕಾಗಿತ್ತೆಂದು ನೀನು ಇಷ್ಟು ದಿನ ಅಂದುಕೊಂಡಿದ್ದೆ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ತಿಂಗಳ ಕೊನೆಯವರೆಗೆ ಕಾದೆ. ಸೋಮವಾರ ಗ್ಲೆನ್ನಾಲೆನ್ನಿನ ಬೇಟೆ ಇಲಾಖೆಯ ಕಚೇರಿಗೆ ಹೋದೆ. ಅಧಿಕಾರಿ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಮಧ್ಯಾಹ್ನದ ಊಟದ ಡಬ್ಬಿ ಅರ್ಧ ತೆರೆದಿತ್ತು. ನಾನು ಹೇಳುತ್ತಾ ಹೋದಂತೆ ಮೆಲ್ಲಗೆ ಮುಚ್ಚಿದ.

"ಹದಿನೆಂಟು ತಿಂಗಳು ಸುಮ್ನಿದ್ದು ಈಗ್ಯಾಕೆ ಬಂದ್ರಿ? ಯಾರಾದ್ರೂ ದೂರು ಕೊಡ್ತಾರೆ ಅಂತ ಹೆದರಿಕೇನಾ?"

"ಇಲ್ಲ. ಯಾರೂ ಕೊಡಲ್ಲ ಅಂತ ಹೆದರಿಕೆ."

ಅವನಿಗೆ ಅರ್ಥವಾಗಲಿಲ್ಲ. "ನೋಡಿ ಮೇಡಂ, ಇದನ್ನ ಬರ್ಕೊಂಡ್ರೆ ತೊಗಲು, ತಲೆಬುರುಡೆ ಎಲ್ಲಾ ಸರ್ಕಾರಕ್ಕೆ ಹೋಗುತ್ತೆ. ದಂಡ ಬೀಳುತ್ತೆ. ನಿಮ್ಮ ಬೇಟೆ ಲೈಸೆನ್ಸೂ ಹೋಗುತ್ತೆ. ಗಂಡ ಹೆಂಡತಿ ಜಗಳಕ್ಕೆ ಇಷ್ಟೆಲ್ಲಾ ಬೇಕಾ? ಮನೆಗೆ ಹೋಗಿ ಒಂದಿನ ಯೋಚ್ನೆ ಮಾಡಿ."

"ನಾನು ಗ್ರಿಜ್ಲಿನ ಕರಿ ಕರಡಿ ಅಂತ ಹೊಡೆದೆ. ಬರ್ಕೊಳ್ಳಿ."

ಆ ವಾಕ್ಯವನ್ನು ಜೋರಾಗಿ ಹೇಳುವಾಗ ಪಕ್ಕದ ಕೋಣೆಯಲ್ಲಿ ಟೈಪ್‌ರೈಟರ್ ನಿಂತದ್ದು ಕೇಳಿಸಿತು. ಟೈಪ್ ಮಾಡುತ್ತಿದ್ದವಳು ನಮ್ಮ ಬೀದಿಯವಳೇ. ಈ ಹೊತ್ತಿಗೆ ಕಣಿವೆಯಲ್ಲೆಲ್ಲ ನಗುತ್ತಿರಬೇಕು. ನೀನು ಹೆದರಿಸಿದ್ದೆಯಲ್ಲ, ಟ್ವೇಟನ ಮಗಳು ಎಂದು. ನಗಲಿ. ತಪ್ಪಿನ ಜೊತೆ ಗುಂಡನ್ನೂ ಅವರು ಹೇಳಲೇಬೇಕಾಗುತ್ತದೆ.

ಅಧಿಕಾರಿ ಕಾಗದ ತೆಗೆದ. "ಆ ದಿನ ನಿಮ್ಮ ಹೆಸರು ಏನಿತ್ತು?"

"ಕಿಟಲ್‌ಸನ್. ಗಂಡನದು. ಈಗ ಟ್ವೇಟ್."

"ಆ ದಿನದ್ದೇ ಬರೀಬೇಕಾಗುತ್ತೆ."

"ದಂಡ ಕಟ್ಟೋಳು ಯಾರು?"

ಅವನು ಇವತ್ತಿನ ಹೆಸರನ್ನೇ ಬರೆದ.

ಮರುದಿನ ಅವನ ಜೊತೆ ಪಾಮರಿಗೆ ಹೋದೆ. ಸ್ಟಾಡ್ಲರ್ ತೊಗಲಿನ ಕೊಬ್ಬು ಕೆರೆದು, ತುಟಿ ಬಿಡಿಸಿ, ಉಪ್ಪು ಹಚ್ಚಿ ಒಣಗಿಸಿ ಇಟ್ಟಿದ್ದ. ಮೇಜಿನ ಮೇಲೆ ಮಣ್ಣಿನಲ್ಲಿ ಮಾಡಿದ ತಲೆ ಇತ್ತು, ಕೆಳತುಟಿ ಮುಂದಕ್ಕೆ ಚಾಚಿದ್ದು. ಇನ್ನೊಂದು ತಿಂಗಳಿದ್ದರೆ ಮುಗಿಯುತ್ತಿತ್ತು. ಮುದುಕ ಬೈಯುತ್ತಾನೆಂದುಕೊಂಡಿದ್ದೆ, ಬೈದ.

"ನಲವತ್ತು ವರ್ಷದಲ್ಲಿ ಒಂದು ಸಲ ಸರಿಯಾದ ಬಾಯಿ ಸಿಕ್ಕಿತ್ತು. ಅದನ್ನೂ ಕಿತ್ಕೊಂಡ್ರಲ್ಲಮ್ಮ. ಒಂದು ತಿಂಗಳು ತಡ್ಕೊಳ್ಳೋಕಾಗ್ಲಿಲ್ವಾ?"

"ಆಗ್ಲಿಲ್ಲ," ಎಂದೆ.

ಅವನು ಬೆನ್ನು ತಿರುಗಿಸಿ ಒಲೆಗೆ ಸೌದೆ ಹಾಕಿದ. ಅಧಿಕಾರಿ ತೊಗಲನ್ನು ಹೆಗಲಿಗೆ ಹೊತ್ತು ಹೊರಟ. ನಾನು ಬಾಗಿಲು ತೆರೆದು ಹಿಡಿದೆ.

ಅದು ಮುಂದಿನ ಚಳಿಗಾಲದ ಸರ್ಕಾರಿ ಹರಾಜಿಗೆ ಬರುತ್ತದೆ. ಯಾರೋ ಕೊಳ್ಳುತ್ತಾರೆ, ಆಂಕರೇಜಿಗೆ ಒಯ್ಯುತ್ತಾರೆ, ಮೂವತ್ತೆರಡನೆಯ ಕೋಪ ಹೊಲಿಸುತ್ತಾರೆ. ಅದನ್ನು ತಪ್ಪಿಸುವ ದಾರಿ ನನ್ನ ಕೈಯಲ್ಲಿತ್ತು, ನಾನು ಬಿಟ್ಟೆ. ಕರಡಿಗೆ ನಾನು ಎರಡು ಸಲ ಅನ್ಯಾಯ ಮಾಡಿದ ಹಾಗಾಯಿತು. ಎರಡನೆಯದು ಕಣ್ಣು ತೆರೆದುಕೊಂಡೇ ಮಾಡಿದ್ದು.

ತೊಗಲಿನ ಜೊತೆಗೆ ಒಂದು ಕಾಗದ ಹೋಗುತ್ತದೆ, ಯಾರು ಕೊಂಡರೂ. ಅದರ ಪ್ರತಿ ಇದರೊಂದಿಗಿದೆ. 'ಹೊಡೆದವರು: ಆರ್ಲಿಸ್ ಟ್ವೇಟ್, ಕೆನ್ನಿ ಲೇಕ್. ಅಕ್ರಮ.' ಎರಡು ಮಾತೂ ನನ್ನವು.

ನಿನಗೆ ಅವರಿಂದ ಬೇರೆ ಪತ್ರ ಬರುತ್ತದೆ. ಆ ಸಂಜೆ ಎಲ್ಲಿದ್ದೆ ಎಂದು ಕೇಳುತ್ತಾರೆ. ಉತ್ತರಕ್ಕೆ ಒಂದೇ ಸಾಲಿನ ಜಾಗವಿದೆಯಂತೆ. ಮರ ನೆಡುವಷ್ಟು ಜಾಗವಿಲ್ಲ.

ಆರ್ಲಿಸ್ ಟ್ವೇಟ್